ಮೊಳಕೆಯ ಎತ್ತರ ಅಳೆದರೆ ಸಾಲದು

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಕೆನಡಾದ ಯಾವುದಾದರೂ ಊರಿನ ಐಸ್ ರಿಂಕ್‌ಗೆ ಹೋಗಿ ನೋಡಿ. ಹೊರಗೆ ಇನ್ನೂ ಎಳೆಬಿಸಿಲು. ಒಳಗೆ ಬಾಯಿ ತೆರೆದರೆ ಆವಿ. ಹೆಲ್ಮೆಟ್, ಮುಖಕ್ಕೆ ಜಾಲರಿ, ಮೈತುಂಬ ಪ್ಯಾಡ್ ತೊಟ್ಟ ಮೂವತ್ತು ನಲವತ್ತು ಮಕ್ಕಳು ಮಂಜುಗಡ್ಡೆಯ ಮೇಲೆ ಸುತ್ತು ಹಾಕುತ್ತಿರುತ್ತಾರೆ. ಯಾರ ಅಂಗಿಯ ಮೇಲೂ ಹೆಸರಿಲ್ಲ, ಬರೀ ನಂಬರು. ಮೇಲಿನ ಮೆಟ್ಟಿಲುಗಳಲ್ಲಿ ದಪ್ಪ ಕೋಟು ತೊಟ್ಟು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕುಳಿತ ಮೂರ್ನಾಲ್ಕು ಮಂದಿ ಆ ನಂಬರುಗಳ ಮುಂದೆ ಒಂದರಿಂದ ಐದರವರೆಗೆ ಅಂಕ ಬರೆಯುತ್ತಾರೆ. ಗಾಜಿನ ಆಚೆ ಕಾಫಿ ಲೋಟ ಹಿಡಿದ ಅಪ್ಪ ಅಮ್ಮಂದಿರು. ಎರಡು ಮೂರು ದಿನ ಕಳೆದರೆ ಪಟ್ಟಿ ಹೊರಬೀಳುತ್ತದೆ. ಹತ್ತು ವರ್ಷದ ಮಗು ಈ ಚಳಿಗಾಲವೆಲ್ಲ ಮೇಲಿನ ತಂಡದಲ್ಲಿ ಆಡಬೇಕೋ ಕೆಳಗಿನದರಲ್ಲೋ ಎಂಬುದು ಅಲ್ಲಿಗೆ ತೀರ್ಮಾನವಾಗುತ್ತದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವುದು ನಮ್ಮ ಹಳೆಯ ಗಾದೆ. ಆದರೆ ಹೊಲ ಬಲ್ಲವರು ಮೊಳಕೆಯ ಎತ್ತರವೊಂದನ್ನೇ ನೋಡಿ ಬೆಳೆಯ ಲೆಕ್ಕ ಹಾಕುವುದಿಲ್ಲ. ಬಿತ್ತಿದ್ದು ಯಾವಾಗ, ನೆಲದಲ್ಲಿ ಹಸಿ ಎಷ್ಟಿತ್ತು, ಬೇರು ಇಳಿದಿದೆಯೇ ಎಂದು ಕೇಳುತ್ತಾರೆ. ಎಳೆಯ ಐಸ್ ಹಾಕಿ ಆಟಗಾರರನ್ನು ಅಳೆಯುವ ವಿದ್ಯೆ ಕಳೆದ ನಲವತ್ತು ವರ್ಷಗಳಲ್ಲಿ ಕಷ್ಟಪಟ್ಟು ಕಲಿತದ್ದೂ ಈ ಪ್ರಶ್ನೆಗಳನ್ನೇ.

ಪಾದವೇ ಬೇರು

ಕನ್ನಡಿಗರಿಗೆ ಹಾಕಿ ಎಂದರೆ ಕೊಡಗಿನ ಮೈದಾನಗಳು ಕಣ್ಣೆದುರು ಬರುತ್ತವೆ. ಐಸ್ ಹಾಕಿಯದು ಬೇರೆಯದೇ ಲೋಕ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಮಂದಿ. ಉತ್ತರ ಅಮೆರಿಕದ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಚೆಂಡಿನ ಜಾಗದಲ್ಲಿ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ, ಅದೇ ಪಕ್. ಇಪ್ಪತ್ತು ನಿಮಿಷಗಳ ಮೂರು ಅವಧಿ. ಓಟದ ಬಿರುಸು ಎಷ್ಟೆಂದರೆ ಆಟಗಾರ ಮುಕ್ಕಾಲು ನಿಮಿಷದ ಆಸುಪಾಸು ಆಡಿ ಬೆಂಚಿಗೆ ಮರಳುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಹಾರುತ್ತಾನೆ. ಇದಕ್ಕೆ ಶಿಫ್ಟ್ ಎನ್ನುತ್ತಾರೆ.

ಹೀಗಾಗಿ ಅನುಭವಿ ಆಯ್ಕೆದಾರನ ಕಣ್ಣು ಮೊದಲು ಹೋಗುವುದು ಪಾದಕ್ಕೆ. ಸ್ಕೇಟಿನ ಬ್ಲೇಡ್ ಚಾಕುವಿನಂತೆ ಒಂದೇ ಅಲಗಿನದ್ದಲ್ಲ. ತಳದ ಉದ್ದಕ್ಕೂ ಸಣ್ಣ ತೋಡು ತೋಡಿ ಒಳ ಅಂಚು, ಹೊರ ಅಂಚು ಎಂದು ಎರಡು ಎಡ್ಜ್ ಮಾಡಿರುತ್ತಾರೆ. ಕಲಿಯುವ ಮಗುವಿಗೆ ಒಳ ಎಡ್ಜ್ ಬೇಗ ಒಲಿಯುತ್ತದೆ. ಹೊರ ಎಡ್ಜ್ ಮೇಲೆ ಮೈಭಾರ ಹಾಕಿ ಬಾಗುವುದಕ್ಕೆ ಧೈರ್ಯವೂ ಬೇಕು, ಅಭ್ಯಾಸವೂ ಬೇಕು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ದಾಟಿಸಿ ತಿರುಗುವ ಕ್ರಾಸ್‌ಓವರ್ ಎರಡೂ ದಿಕ್ಕಿಗೆ ಸಮನಾಗಿ ಬರುತ್ತದೆಯೇ? ಎಡಕ್ಕೆ ನಿಲ್ಲುವಷ್ಟು ಸಲೀಸಾಗಿ ಬಲಕ್ಕೂ ನಿಲ್ಲಬಲ್ಲನೇ? ಮುಮ್ಮುಖವಾಗಿ ಬಂದವನು ವೇಗ ಕಳೆದುಕೊಳ್ಳದೆ ಹಿಮ್ಮುಖಕ್ಕೆ ತಿರುಗುತ್ತಾನೆಯೇ? ನಿಂತಲ್ಲಿಂದ ಹೊರಟಾಗ ಮೊದಲ ಮೂರು ಹೆಜ್ಜೆ ಎಷ್ಟು ಚುರುಕು? ಮೊಣಕಾಲು ಚೆನ್ನಾಗಿ ಬಾಗಿ, ಕುರ್ಚಿಯ ಅಂಚಿನಲ್ಲಿ ಕುಳಿತ ಹಾಗೆ ಮೈ ತಗ್ಗಿದೆಯೇ? ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು.

ಸ್ಟಾಪ್‌ವಾಚ್ ಹಿಡಿದು ಓಟದ ಕಾಲ ಬರೆದುಕೊಳ್ಳುವುದು ಸುಲಭ. ಆದರೆ ಹನ್ನೊಂದು ವರ್ಷಕ್ಕೇ ಮೈ ತುಂಬಿಕೊಂಡ ಹುಡುಗ ನೇರ ಕಾಲಿನಲ್ಲಿ, ಬರೀ ಬಲದಿಂದ ದಬ್ಬಿಕೊಂಡು ಹೋದರೂ ಮೊದಲು ಬರುತ್ತಾನೆ. ಹೆಜ್ಜೆಯ ಓರೆಕೋರೆ ಆಗ ಕಾಣುವುದಿಲ್ಲ. ಹದಿನೈದಕ್ಕೆ ಉಳಿದವರೂ ಬಲಿತಾಗ ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತಾನೆ, ಮನೆಯವರು ‘ಹುಡುಗನಿಗೆ ಏನಾಯಿತು’ ಎಂದು ಕಂಗಾಲಾಗುತ್ತಾರೆ. ಅವನಿಗೆ ಹೊಸದಾಗಿ ಆದದ್ದೇನೂ ಇಲ್ಲ. ನಾಲ್ಕು ವರ್ಷ ಹಿಂದೆ ಬರೆದುಕೊಳ್ಳಬೇಕಿದ್ದ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ.

ಕೈಯಿಂದ ಕಣ್ಣಿಗೆ

ಪಾದದ ನಂತರ ಕೈ. ಪಕ್ ಅನ್ನು ಸ್ಟಿಕ್ಕಿನ ತುದಿಯಲ್ಲಿ ಆಚೀಚೆ ಆಡಿಸುವಾಗ ಮಗು ಎಲ್ಲಿ ನೋಡುತ್ತಿದೆ ಎಂಬುದೇ ದೊಡ್ಡ ಸುಳಿವು. ಕಣ್ಣು ಪಕ್‌ಗೆ ಅಂಟಿಕೊಂಡಿದ್ದರೆ ಕೈ ಇನ್ನೂ ಪಳಗಿಲ್ಲ. ತಲೆ ಎತ್ತಿ ಸುತ್ತ ನೋಡುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುವಷ್ಟು ಕಲಿತಿದೆ. ಬಿರುಸಾಗಿ ಬಂದ ಪಾಸ್ ಅನ್ನು ಸ್ಟಿಕ್ ಸ್ವಲ್ಪ ಹಿಂದೆ ಎಳೆದುಕೊಂಡು ಮೆತ್ತಗೆ ಹಿಡಿಯುವುದು ಇನ್ನೊಂದು ಗುರುತು. ಈ ಕೈಚಳಕ ರಿಂಕ್‌ನಲ್ಲಿ ಮಾತ್ರ ಬೆಳೆಯಬೇಕೆಂದಿಲ್ಲ. ಕೆನಡಾದ ನೋವಾ ಸ್ಕೋಶಿಯಾದ ಕೋಲ್ ಹಾರ್ಬರ್‌ನಲ್ಲಿ ಬೆಳೆದ ಹೆಸರಾಂತ ಆಟಗಾರ ಸಿಡ್ನಿ ಕ್ರಾಸ್ಬಿ ಮನೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಯಂತ್ರದ ಕಡೆಗೆ ಪಕ್ ಹೊಡೆದು ಹೊಡೆದು ಕಲಿತರು. ಮೈಯೆಲ್ಲ ತಗ್ಗುಬಿದ್ದ ಆ ಡ್ರೈಯರ್ ಈಗ ಪ್ರದರ್ಶನದ ವಸ್ತು.

ಪುಟ್ಟ ಮಕ್ಕಳ ಕೈ ನೋಡುವಾಗ ಸಾಧನವೂ ಅವರ ಅಳತೆಗೆ ಇರಬೇಕು. ದೊಡ್ಡವರ ಕಪ್ಪು ಪಕ್ 6 ಔನ್ಸ್, ಅಂದರೆ ಸುಮಾರು 170 ಗ್ರಾಂ. ಕೆನಡಾ, ಅಮೆರಿಕಗಳಲ್ಲಿ ಚಿಕ್ಕವರಿಗೆ 4 ಔನ್ಸಿನ ನೀಲಿ ಪಕ್ ಕೊಡುತ್ತಾರೆ. ಅಂಗಳವನ್ನೂ ಕಿರಿದಾಗಿಸಿದ್ದಾರೆ. 2009ರಲ್ಲಿ ‘ಯುಎಸ್‌ಎ ಹಾಕಿ’ ತಂದ ಹೊಸ ತರಬೇತಿ ಮಾದರಿ ಎಂಟು ವರ್ಷದೊಳಗಿನವರಿಗೆ ರಿಂಕ್ ಅನ್ನು ಅಡ್ಡಲಾಗಿ ಭಾಗ ಮಾಡಿ ಆಡಿಸುವ ಪದ್ಧತಿಗೆ ಬಲ ಕೊಟ್ಟಿತು. 2017ರಲ್ಲಿ ‘ಹಾಕಿ ಕೆನಡಾ’ ಐದಾರು ವರ್ಷದವರಿಗೆ ಅದನ್ನೇ ಕಡ್ಡಾಯ ಮಾಡಿತು. ಇಡೀ ರಿಂಕ್‌ನಲ್ಲಿ ಬಿಟ್ಟರೆ ವೇಗವಿರುವ ಒಂದು ಮಗು ಪಕ್ ಹೊತ್ತು ಓಡುತ್ತದೆ, ಉಳಿದವರು ಅದರ ಬೆನ್ನು ನೋಡುತ್ತಾರೆ. ಕಿರಿದಾದ ಜಾಗದಲ್ಲಿ ಪ್ರತಿಯೊಬ್ಬರಿಗೂ ಪಕ್ ಹೆಚ್ಚು ಸಲ ಸಿಗುತ್ತದೆ, ಹೆಜ್ಜೆ ಹೆಜ್ಜೆಗೂ ಯೋಚಿಸಬೇಕಾಗುತ್ತದೆ. ಅಳೆಯುವವರಿಗೂ ಅಲ್ಲಿಯೇ ಹೆಚ್ಚು ಕಾಣುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ್ದು, ಪಕ್ ಇಲ್ಲದಾಗಿನ ಆಟ. ಇಡೀ ಪಂದ್ಯದಲ್ಲಿ ಒಬ್ಬ ಆಟಗಾರನ ಸ್ಟಿಕ್ಕಿಗೆ ಪಕ್ ತಾಗಿರುವ ಒಟ್ಟು ಹೊತ್ತು ಬಹಳ ಸ್ವಲ್ಪ. ಮಿಕ್ಕ ಹೊತ್ತೆಲ್ಲ ಅವನು ಎಲ್ಲಿ ನಿಲ್ಲುತ್ತಾನೆ, ಪಾಸ್ ಬರುವ ಮುಂಚೆ ಹೆಗಲ ಮೇಲಿಂದ ಎಷ್ಟು ಸಲ ಹಿಂದೆ ನೋಡುತ್ತಾನೆ, ಪಕ್ ಕಳೆದುಕೊಂಡ ಕೂಡಲೇ ತಿರುಗಿ ಓಡುತ್ತಾನೋ ಕೈಚೆಲ್ಲಿ ನಿಲ್ಲುತ್ತಾನೋ ಎಂಬುದರಲ್ಲಿ ಆಟದ ಅರಿವು ಅಡಗಿದೆ. ಇದನ್ನೇ ಅಲ್ಲಿನ ಕೋಚ್‌ಗಳು ‘ಹಾಕಿ ಸೆನ್ಸ್’ ಎನ್ನುವುದು. ನೋಡುಗರ ಕಣ್ಣು ಸಹಜವಾಗಿ ಪಕ್ ಹಿಂದೆಯೇ ಹೋಗುತ್ತದೆ. ನುರಿತ ಆಯ್ಕೆದಾರರು ಒಂದು ಶಿಫ್ಟ್ ಪೂರ್ತಿ ಒಂದೇ ಮಗುವಿನ ಮೇಲೆ ಕಣ್ಣು ನೆಟ್ಟು, ಪಕ್ ಎಲ್ಲಿದೆ ಎಂಬುದನ್ನು ಬೇಕೆಂದೇ ಮರೆಯುತ್ತಾರೆ.

ಈ ಅರಿವನ್ನು ಹುಟ್ಟಿನಿಂದ ಬಂದ ವರ ಎಂದು ಕೈಬಿಡುವವರುಂಟು. ಈ ಆಟದ ದಂತಕಥೆ ವೇಯ್ನ್ ಗ್ರೆಟ್ಸ್ಕಿ ಬೆಳೆದ ರೀತಿ ಬೇರೆಯದನ್ನೇ ಹೇಳುತ್ತದೆ. ಒಂಟಾರಿಯೊದ ಬ್ರಾಂಟ್‌ಫರ್ಡ್‌ನಲ್ಲಿ ತಂದೆ ವಾಲ್ಟರ್ ಮನೆಯ ಹಿತ್ತಲಿಗೆ ನೀರು ಹಾಯಿಸಿ ರಿಂಕ್ ಮಾಡಿಕೊಟ್ಟದ್ದು ಪ್ರಸಿದ್ಧ ಕಥೆ. ಅದಕ್ಕಿಂತ ಮುಖ್ಯವಾದದ್ದು, ಟಿವಿಯಲ್ಲಿ ಪಂದ್ಯ ನೋಡುವಾಗ ಕಾಗದದ ಮೇಲೆ ರಿಂಕ್ ಬರೆದು ಪಕ್ ಹೋದಲ್ಲೆಲ್ಲ ಪೆನ್ಸಿಲ್ ಓಡಿಸಲು ಹುಡುಗನನ್ನು ಹಚ್ಚಿದ್ದು. ಗೆರೆಗಳು ಹೆಚ್ಚು ಕೂಡುವ ಜಾಗ ಯಾವುದು ಎಂದು ಬಾಲಕನಿಗೆ ಹೊಳೆಯಿತು. ಹತ್ತನೆಯ ವಯಸ್ಸಿನಲ್ಲಿ, 1971–72ರ ಒಂದೇ ಋತುವಿನಲ್ಲಿ ಗ್ರೆಟ್ಸ್ಕಿ 378 ಗೋಲು ಹೊಡೆದರು. ಆಟದ ಅರಿವು ಕಲಿಸಿದರೆ ಬೆಳೆಯುತ್ತದೆ ಎಂದಾದ ಮೇಲೆ, ಅಳತೆಯ ಹಾಳೆಯಲ್ಲಿ ‘ಸೆನ್ಸ್ ಇಲ್ಲ’ ಎಂದು ಬರೆದು ಮುಗಿಸುವುದು ಅನ್ಯಾಯ.

ಬಿತ್ತಿದ ದಿನ ಯಾವುದು?

1980ರ ದಶಕದ ನಡುವೆ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಜ್ ಊರಿನಲ್ಲಿ ರಾಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞರು ಪತ್ನಿ ಪಾಲಾ ಜೊತೆ ಜೂನಿಯರ್ ಹಾಕಿ ಪಂದ್ಯಕ್ಕೆ ಹೋಗಿದ್ದರು. ಪಂದ್ಯದ ಕೈಪಿಡಿಯಲ್ಲಿ ಆಟಗಾರರ ಹುಟ್ಟಿದ ದಿನಗಳ ಮೇಲೆ ಪಾಲಾ ಅವರ ಕಣ್ಣು ಬಿತ್ತು. ಜನವರಿ, ಫೆಬ್ರುವರಿ, ಮಾರ್ಚ್ ಮತ್ತೆ ಮತ್ತೆ ಬಂದಿತ್ತು. ವರ್ಷದ ಕೊನೆಯ ತಿಂಗಳುಗಳು ಅಪರೂಪ. ಬಾರ್ನ್ಸ್‌ಲಿ ಬೇರೆ ತಂಡಗಳ ಪಟ್ಟಿ ತೆಗೆದು ನೋಡಿದರೆ ಅಲ್ಲೂ ಅದೇ. ಮೇಲ್ಮಟ್ಟದ ತಂಡಗಳಲ್ಲಿ ಸರಿಸುಮಾರು ಶೇ 40ರಷ್ಟು ಹುಡುಗರು ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು. ಕೊನೆಯ ಮೂರು ತಿಂಗಳಿನವರು ಶೇ 10ರ ಆಸುಪಾಸು. 1985ರಲ್ಲಿ ಅವರು ಇದನ್ನು ಪ್ರಕಟಿಸಿದರು. 2008ರಲ್ಲಿ ಮಾಲ್ಕಮ್ ಗ್ಲಾಡ್‌ವೆಲ್ ಅವರ ‘ಔಟ್‌ಲಯರ್ಸ್’ ಪುಸ್ತಕ ಈ ಸಂಗತಿಯನ್ನು ಜಗತ್ತಿಗೆಲ್ಲ ಮುಟ್ಟಿಸಿತು.

ಕಾರಣ ಗ್ರಹಗತಿಯಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಕೆನಡಾದ ಹಾಕಿಯಲ್ಲಿ ವಯೋಗುಂಪನ್ನು ಜನವರಿ 1ಕ್ಕೆ ಕತ್ತರಿಸುತ್ತಾರೆ. ಜನವರಿ ಮೊದಲ ವಾರ ಹುಟ್ಟಿದ ಮಗುವೂ ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗುವೂ ಒಂದೇ ಗುಂಪು. ಎಂಟು ವರ್ಷದವರ ನಡುವೆ ಒಂದು ವರ್ಷ ಎಂದರೆ ಬದುಕಿನ ಎಂಟನೇ ಒಂದು ಪಾಲು. ದೊಡ್ಡದು ಚುರುಕಾಗಿ ಕಾಣುತ್ತದೆ, ಮೇಲಿನ ತಂಡಕ್ಕೆ ಹೋಗುತ್ತದೆ. ಅಲ್ಲಿ ಒಳ್ಳೆಯ ಕೋಚ್, ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯ. ಮೊದಲು ಇಲ್ಲದಿದ್ದ ಅಂತರ ನಾಲ್ಕು ವರ್ಷಗಳಲ್ಲಿ ನಿಜವಾಗಿಯೇ ಹುಟ್ಟಿಕೊಳ್ಳುತ್ತದೆ. ಆಯ್ಕೆ ತನ್ನನ್ನು ತಾನೇ ಸರಿ ಎಂದು ಸಾಧಿಸಿಕೊಳ್ಳುವ ಪರಿ ಇದು.

2013ರಲ್ಲಿ ರಾಬರ್ಟ್ ಡೀನರ್ ಮತ್ತು ಸಂಗಡಿಗರು ಇದರ ಇನ್ನೊಂದು ಮುಖ ತೋರಿಸಿದರು. ಹದಿನೆಂಟು ತುಂಬಿದ ಹುಡುಗರನ್ನು ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ 1980ರಿಂದ 2007ರವರೆಗಿನ ದಾಖಲೆಗಳನ್ನು ಅವರು ತೆಗೆದುಕೊಂಡರು. ಒಂದೇ ಸ್ಥಾನದಲ್ಲಿ ಆಯ್ಕೆಯಾದವರನ್ನು ಹೋಲಿಸಿದರೆ, ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದವರೇ ಮುಂದೆ ಹೆಚ್ಚು ಪಂದ್ಯ ಆಡಿದ್ದರು, ಹೆಚ್ಚು ಅಂಕ ಗಳಿಸಿದ್ದರು. ಹದಿನೆಂಟನೇ ವಯಸ್ಸಿನಲ್ಲೂ ಆಯ್ಕೆದಾರರು ಅವರಿಗೆ ಕಡಿಮೆ ಬೆಲೆ ಕಟ್ಟುತ್ತಿದ್ದರು ಎಂದಾಯಿತು.

ಹುಟ್ಟಿದ ತಿಂಗಳಾದರೂ ಕಾಗದದ ಮೇಲಿರುತ್ತದೆ. ಮೈಯ ವಯಸ್ಸು ಅದೂ ಇಲ್ಲ. ಹುಡುಗರು ಭರದಿಂದ ಎತ್ತರವಾಗುವ ಕಾಲ ಸರಾಸರಿ ಹದಿನಾಲ್ಕರ ಸುತ್ತ, ಹುಡುಗಿಯರಿಗೆ ಹನ್ನೆರಡರ ಸುತ್ತ. ಆದರೆ ಒಂದೇ ತರಗತಿಯ ಇಬ್ಬರು ಹದಿನಾಲ್ಕು ವರ್ಷದವರ ಮೈ ವಯಸ್ಸಿನ ನಡುವೆ ಮೂರು ನಾಲ್ಕು ವರ್ಷ ಅಂತರ ಇರಬಲ್ಲದು. 2002ರಲ್ಲಿ ರಾಬರ್ಟ್ ಮಿರ್ವಾಲ್ಡ್ ನೇತೃತ್ವದ ಸಂಶೋಧಕರು ಒಂದು ಲೆಕ್ಕ ಕೊಟ್ಟರು: ನಿಂತ ಎತ್ತರ, ಕುಳಿತ ಎತ್ತರ, ತೂಕ, ವಯಸ್ಸು ಇಷ್ಟು ಗೊತ್ತಾದರೆ ಮಗು ಎತ್ತರದ ಆ ಜಿಗಿತಕ್ಕೆ ಎಷ್ಟು ಹಿಂದೆ ಅಥವಾ ಮುಂದೆ ಇದೆ ಎಂದು ಅಂದಾಜಿಸಬಹುದು. ಕಾಲು ಮೊದಲು ಬೆಳೆದು ಮುಂಡ ಆಮೇಲೆ ಬೆಳೆಯುವುದರಿಂದ ಕುಳಿತ ಎತ್ತರಕ್ಕೆ ಇಷ್ಟು ಮಹತ್ವ. ತುಂಬ ಬೇಗ ಅಥವಾ ತುಂಬ ತಡವಾಗಿ ಬಲಿಯುವವರಲ್ಲಿ ಈ ಅಂದಾಜು ಹಿಂದುಮುಂದಾಗುತ್ತದೆ. ಆದರೂ ಅಳತೆ ಪಟ್ಟಿ, ತೂಕದ ಯಂತ್ರ ಇದ್ದರೆ ಸಾಕಾಗುವ ಈ ಕೆಲಸವನ್ನು ಯಾವ ಕ್ಲಬ್ ಬೇಕಾದರೂ ಮಾಡಬಹುದು.

ಆ ಜಿಗಿತದ ತಿಂಗಳುಗಳಲ್ಲಿ ನಿನ್ನೆಯವರೆಗೆ ಲೀಲಾಜಾಲವಾಗಿ ತಿರುಗುತ್ತಿದ್ದ ಹುಡುಗ ತನ್ನ ಕಾಲನ್ನೇ ತಾನು ಎಡವುತ್ತಾನೆ. ಮೈಯ ತೂಕದ ನಡು ಜಾಗ ಬದಲಿಸಿದೆ, ಸ್ಟಿಕ್ಕಿನ ಉದ್ದ ಹೊಂದುತ್ತಿಲ್ಲ. ಆ ಹೊತ್ತಿಗೆ ಅಳೆದು ‘ಆಟ ಬಿದ್ದುಹೋಗಿದೆ’ ಎಂದು ಬರೆಯುವುದು ಗಿಡ ಮಣ್ಣು ಬದಲಿಸಿದ ವಾರದಲ್ಲಿ ಎಲೆ ಬಾಡಿದೆ ಎಂದು ಕಿತ್ತೆಸೆದಂತೆ. ಮೈ ಅಂತರದ ಅಪಾಯ ಬರೀ ಆಯ್ಕೆಗೆ ನಿಲ್ಲುವುದಿಲ್ಲ. ಹನ್ನೊಂದು ಹನ್ನೆರಡರ ಮಕ್ಕಳನ್ನು ಮೈಗೆ ಮೈ ಗುದ್ದುವ ಬಾಡಿ ಚೆಕಿಂಗ್‌ಗೆ ಬಿಟ್ಟಿದ್ದ ಆಲ್ಬರ್ಟಾದಲ್ಲಿ, ಬಿಡದ ಕ್ವಿಬೆಕ್‌ಗಿಂತ ತಲೆಗೆ ಆಗುವ ಆಘಾತದ ಅಪಾಯ ಮೂರು ಪಟ್ಟಿಗೂ ಹೆಚ್ಚೆಂದು 2010ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದ ಕ್ಯಾರೊಲಿನ್ ಎಮರಿ ಅವರ ತಂಡ ಕಂಡುಕೊಂಡಿತು. ಅಮೆರಿಕ 2011ರಲ್ಲಿ, ಕೆನಡಾ 2013ರಲ್ಲಿ ಆ ವಯಸ್ಸಿನವರಿಗೆ ಅದನ್ನು ನಿಲ್ಲಿಸಿದವು.

ಅಂಕಕ್ಕೆ ಸಿಗದವರು

ಡ್ರಾಫ್ಟ್‌ಗೆ ಮುಂಚೆ ಎನ್‌ಎಚ್‌ಎಲ್ ಆಯ್ದ ಹುಡುಗರನ್ನು ಕರೆಸಿ ಒಂದು ವಾರ ಪರೀಕ್ಷೆ ನಡೆಸುತ್ತದೆ. ಸೈಕಲ್ ತುಳಿಸುತ್ತಾರೆ, ಉಸಿರಿನ ಸಾಮರ್ಥ್ಯ ಅಳೆಯುತ್ತಾರೆ, ಜಿಗಿಸುತ್ತಾರೆ, ಕಂಬಿಗೆ ಜೋತು ಮೈ ಎತ್ತಿಸುತ್ತಾರೆ. ಆ ವಾರದಲ್ಲಿ ಯಾರೂ ಸ್ಕೇಟ್ ತೊಟ್ಟು ಐಸ್ ಮೇಲೆ ಇಳಿಯುವುದಿಲ್ಲ. 2014ರಲ್ಲಿ ಸ್ಯಾಮ್ ಬೆನೆಟ್ ಎಂಬ ಹುಡುಗನಿಗೆ ಕಂಬಿಯಲ್ಲಿ ಒಂದೇ ಒಂದು ಸಲವೂ ಮೈ ಎತ್ತಲಾಗಲಿಲ್ಲ. ಪತ್ರಿಕೆಗಳು ದಿನಗಟ್ಟಲೆ ಅದನ್ನೇ ಬರೆದವು. ಕ್ಯಾಲ್ಗರಿ ತಂಡ ಆಟ ನೋಡಿದ್ದರಿಂದ ನಾಲ್ಕನೆಯವನಾಗಿ ಆರಿಸಿಕೊಂಡಿತು. 2025ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಲೀಗಿನ ಅಗ್ರ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಬಂದದ್ದು ಇದೇ ಬೆನೆಟ್‌ಗೆ.

ಇಂಥವರ ಸಾಲು ಉದ್ದವಿದೆ. ರಷ್ಯಾದ ಪಾವೆಲ್ ದಾತ್ಸ್ಯುಕ್ ಅವರನ್ನು 1998ರಲ್ಲಿ 170 ಹುಡುಗರ ನಂತರ ಡೆಟ್ರಾಯಿಟ್ ಆರಿಸಿತು. ಮರುವರ್ಷ ಸ್ವೀಡನ್ನಿನ ಹೆನ್ರಿಕ್ ಜೆಟರ್‌ಬರ್ಗ್ ಅವರನ್ನು ಅದೇ ತಂಡ 210ನೆಯವರಾಗಿ ಕರೆಯಿತು. ಹತ್ತು ವರ್ಷದೊಳಗೆ ಇಬ್ಬರೂ ಸೇರಿ ಡೆಟ್ರಾಯಿಟ್‌ಗೆ ಸ್ಟ್ಯಾನ್ಲಿ ಕಪ್ ತಂದರು. ಕ್ವಿಬೆಕ್‌ನ ಮಾರ್ಟಿನ್ ಸೇಂಟ್ ಲೂಯಿ ಅವರನ್ನು ಗಿಡ್ಡ ಎಂದು ಯಾವ ತಂಡವೂ ಡ್ರಾಫ್ಟ್‌ನಲ್ಲಿ ಕರೆಯಲಿಲ್ಲ. 2004ರಲ್ಲಿ ಅವರು ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡರು. 1993ರಲ್ಲಿ ಮೊದಲ ಆಯ್ಕೆಯಾಗಿ ಮೆರೆದ ಅಲೆಕ್ಸಾಂಡರ್ ಡೇಗ್ಲ್ ಆ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಗೋಲ್‌ಕೀಪರ್‌ಗಳ ವಿಷಯದಲ್ಲಿ ಊಹೆ ಇನ್ನೂ ಹೆಚ್ಚು ತಪ್ಪುತ್ತದೆ, ಏಕೆಂದರೆ ಅವರು ಪಕ್ವವಾಗುವುದೇ ತಡವಾಗಿ. ಡೊಮಿನಿಕ್ ಹಾಶೆಕ್ 1983ರಲ್ಲಿ 199ನೆಯವರು, ಹೆನ್ರಿಕ್ ಲಂಡ್‌ಕ್ವಿಸ್ಟ್ 2000ದಲ್ಲಿ 205ನೆಯವರು. ಇಬ್ಬರೂ ಇಂದು ಹಾಕಿ ಕೀರ್ತಿಭವನದಲ್ಲಿದ್ದಾರೆ. ಎಳೆಯ ಗೋಲ್‌ಕೀಪರ್‌ನನ್ನು ಎಷ್ಟು ಗೋಲು ಬಿಟ್ಟ ಎಂದು ಎಣಿಸಿ ಅಳೆಯಬಾರದು. ಪಕ್ ಬರುವ ಮೊದಲೇ ಸರಿಯಾದ ಕೋನದಲ್ಲಿ ನಿಂತಿದ್ದನೇ, ತಡೆದ ಪಕ್ ಅನ್ನು ಎದುರಾಳಿಯ ಸ್ಟಿಕ್ಕಿನಿಂದ ದೂರಕ್ಕೆ ಸರಿಸಿದನೇ, ಗೋಲು ಬಿಟ್ಟ ಮರುಗಳಿಗೆ ತಲೆ ಎತ್ತಿ ನಿಂತನೇ ಎಂದು ನೋಡಬೇಕು.

ಎರಡು ತಿಂಗಳ ಐಸ್

ನಮ್ಮ ದೇಶದಲ್ಲಿ ಈ ಆಟದ ತವರು ಲಡಾಖ್. ಲೇಹ್ ಸುಮಾರು 11,500 ಅಡಿ ಎತ್ತರದಲ್ಲಿದೆ. ಅಲ್ಲಿ ಕೊಳದ ನೀರು ಗಟ್ಟಿಯಾಗಿ ಆಡಲು ಸಿಗುವುದು ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ, ಹೆಚ್ಚೆಂದರೆ ಎರಡು ತಿಂಗಳು. ವರ್ಷದ ಬಹುಪಾಲು ಒಳಾಂಗಣ ರಿಂಕ್ ಸಿಗುವ ಒಂಟಾರಿಯೊದ ಹುಡುಗಿಯನ್ನೂ ಲೇಹ್‌ನ ಹುಡುಗಿಯನ್ನೂ ವಯಸ್ಸು ನೋಡಿ ಹೋಲಿಸಿದರೆ ತಪ್ಪಾಗುತ್ತದೆ. ಐಸ್ ಮೇಲೆ ಕಳೆದ ಗಂಟೆಗಳನ್ನು ಎಣಿಸಬೇಕು. ಆ ಲೆಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳ ಬೆಳವಣಿಗೆ ದೊಡ್ಡದು. ಭಾರತದ ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2016ರಲ್ಲಿ, ಮೊದಲ ಗೆಲುವು ಕಂಡದ್ದು 2017ರಲ್ಲಿ, ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದದ್ದು 2025ರಲ್ಲಿ. ತಂಡದ ಬಹುತೇಕ ಆಟಗಾರ್ತಿಯರು ಲಡಾಖಿನವರು. ನಾಲ್ಕು ಒಲಿಂಪಿಕ್ ಚಿನ್ನದ ಕೆನಡಾದ ಹೇಲಿ ವಿಕನ್‌ಹೈಸರ್ 2018ರಲ್ಲಿ ಲಡಾಖಿಗೇ ಬಂದು ಅಲ್ಲಿನ ಮಕ್ಕಳೊಡನೆ ಆಡಿ ಹೋದರು. ಹೊಲದ ಹಸಿ ನೋಡದೆ ಬೆಳೆ ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಒಳ್ಳೆಯ ಅಳತೆ ಹೇಗಿರುತ್ತದೆ?

ಮೊದಲನೆಯದು, ಒಂದು ದಿನದ ಪರೀಕ್ಷೆ ಸಾಲದು. ಋತುವಿನ ಆರಂಭ, ನಡು, ಕೊನೆ ಹೀಗೆ ಮೂರು ಸಲ ಅದೇ ಓಟ, ಅದೇ ತಿರುವು, ಅದೇ ಕಿರಿದಾದ ಅಂಗಳದ ಆಟ ಆಡಿಸಿ ಬರೆದಿಡಬೇಕು. ಹೋಲಿಕೆ ಮಗುವಿನ ನಿನ್ನೆಯ ಜೊತೆ ನಡೆಯಬೇಕು. ಈ ಋತುವಿನಲ್ಲಿ ಐದಕ್ಕೆ ನಾಲ್ಕರಲ್ಲೇ ನಿಂತ ಮಗುವಿಗಿಂತ ಎರಡರಿಂದ ಮೂರೂವರೆಗೆ ಬಂದ ಮಗುವಿನ ಬಗ್ಗೆ ನನಗೆ ಹೆಚ್ಚು ಆಸೆ. ಎರಡನೆಯದು, ನೋಡುವ ಕಣ್ಣು ಒಂದಕ್ಕಿಂತ ಹೆಚ್ಚಿರಬೇಕು, ಮಾತಾಡಿಕೊಳ್ಳುವ ಮುಂಚೆ ಪ್ರತಿಯೊಬ್ಬರೂ ತಮ್ಮ ಅಂಕ ಬರೆದು ಮುಗಿಸಿರಬೇಕು. ಒಂದು ಚೆಂದದ ಗೋಲು ಹೊಡೆದ ಮಗುವಿಗೆ ಉಳಿದೆಲ್ಲ ಕಲಮುಗಳಲ್ಲೂ ಅಂಕ ತಾನಾಗಿ ಏರುವುದು ಮನುಷ್ಯನ ಕಣ್ಣಿನ ಸಹಜ ದೋಷ. ಮೂರನೆಯದು, ಅಂಕದ ಪಕ್ಕದಲ್ಲೇ ಹುಟ್ಟಿದ ತಿಂಗಳು, ಎತ್ತರ ಏರುತ್ತಿರುವ ವೇಗ, ಆಟ ಕಲಿತು ಎಷ್ಟು ವರ್ಷ ಎಂಬುದಿರಬೇಕು. ಟೊರೊಂಟೊ ಸುತ್ತಲಿನ ಮಿಸ್ಸಿಸಾಗ, ಬ್ರಾಂಪ್ಟನ್‌ಗಳಿಗೆ ನಮ್ಮ ಕಡೆಯಿಂದ ಹೋಗಿ ನೆಲೆಸಿದ ಮನೆಗಳ ಮಕ್ಕಳಿಗೆ ಈ ಕೊನೆಯ ಕಲಮು ಮುಖ್ಯ. ಅಲ್ಲಿ ಹುಟ್ಟಿ ಬೆಳೆದ ಮನೆಗಳಲ್ಲಿ ಮಗುವನ್ನು ಮೂರು ನಾಲ್ಕು ವರ್ಷಕ್ಕೇ ಸ್ಕೇಟ್ ಮೇಲೆ ನಿಲ್ಲಿಸುತ್ತಾರೆ. ಐಸ್ ಕಂಡೇ ಇರದ ಅಪ್ಪ ಅಮ್ಮಂದಿರಿಗೆ ಅದು ಹೊಳೆಯುವುದೇ ಏಳೆಂಟು ವರ್ಷಕ್ಕೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅಳತೆಯ ಫಲ ಮಗುವಿಗೆ ತಲುಪಬೇಕು. ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಮೌನದಿಂದ ಹತ್ತು ವರ್ಷದ ಜೀವ ಏನನ್ನೂ ಕಲಿಯುವುದಿಲ್ಲ. ತಾನು ಸಾಲದವನು ಎಂದಷ್ಟೇ ಕಲಿಯುತ್ತದೆ. ‘ನಿನ್ನ ಪಾಸ್ ಚೆನ್ನಾಗಿದೆ ಮರಿ, ಎಡಗಡೆ ತಿರುವಿನಲ್ಲಿ ಹೊರ ಎಡ್ಜ್ ಮೇಲೆ ಭಾರ ಹಾಕುವುದನ್ನು ಈ ಚಳಿಗಾಲ ಕಲಿತುಕೋ’ ಎಂದು ಕೋಚ್ ಮೊಣಕಾಲೂರಿ ಕುಳಿತು ಹೇಳಿದರೆ ಆ ಮಗುವಿಗೆ ನಾಳೆ ಬೆಳಿಗ್ಗೆ ರಿಂಕ್‌ಗೆ ಬರಲು ಒಂದು ಕಾರಣ ಸಿಗುತ್ತದೆ. ನಾರ್ವೆಯ ಕ್ರೀಡಾ ವ್ಯವಸ್ಥೆ ಹನ್ನೊಂದನೆಯ ವರ್ಷಕ್ಕೆ ಮುಂಚೆ ಮಕ್ಕಳಿಗೆ ಅಂಕಪಟ್ಟಿ, ಶ್ರೇಯಾಂಕ ಬೇಡವೆಂದು ನಿಯಮವನ್ನೇ ಮಾಡಿದೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅತಿ ಹೆಚ್ಚು ಪದಕ ಗೆದ್ದ ದೇಶವೂ ಅದೇ.

ಈ ಮಾತು ಹಿಮದ ನಾಡಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಊರುಗಳಲ್ಲಿ ಕ್ರಿಕೆಟ್ ಶಿಬಿರಕ್ಕೆ, ಬ್ಯಾಡ್ಮಿಂಟನ್ ಅಕಾಡೆಮಿಗೆ, ಶಾಲೆಯ ಕಬಡ್ಡಿ ತಂಡಕ್ಕೆ ಮಕ್ಕಳನ್ನು ಆರಿಸುವ ಹಿರಿಯರಲ್ಲಿ ಒಂದು ಮನವಿ. ಮುಂದಿನ ಸಲ ಪಟ್ಟಿ ಅಂಟಿಸುವ ಮುನ್ನ ಪ್ರತಿ ಹೆಸರಿನ ಎದುರು ಆ ಮಗು ಹುಟ್ಟಿದ ತಿಂಗಳನ್ನು ಬರೆದು ಒಮ್ಮೆ ನೋಡಿ. ಕೈಬಿಟ್ಟ ಪ್ರತಿ ಮಗುವನ್ನೂ ಕರೆದು, ಮುಂದೆ ಕಲಿಯಬೇಕಾದ ಒಂದೇ ಒಂದು ವಿಷಯವನ್ನು ಹೇಳಿ ಕಳಿಸಿ. ಆರು ತಿಂಗಳ ನಂತರ ಅದೇ ಮಗುವನ್ನು ಮತ್ತೆ ಕರೆದು ನೋಡಿ.